ಪರದೇಶಿಗಳು ಹೆಸರು ಬರೆಸತಕ್ಕದ್ದು

ಭಾಷಾಂತರದ ಕೆಲಸಕ್ಕೆ ಹೊಸದಾಗಿ ಸೇರಿದವರು ಸಿಕ್ಕಾಗಲೆಲ್ಲ "ನಿಮ್ಮ ಕಾಲದಲ್ಲಿ ಯಾವ ಡಿಕ್ಷನರಿ ನೋಡ್ತಿದ್ರಿ ಸಾರ್?" ಎಂದು ಕೇಳುತ್ತಾರೆ. ಡಿಕ್ಷನರಿ ಇತ್ತು. ಅದರ ಬೆನ್ನು ಕಿತ್ತುಹೋಗಿತ್ತು, 'ಪಿ' ಅಕ್ಷರದ ಹಾಳೆಗಳನ್ನು ಇಲಿ ತಿಂದಿತ್ತು. ಪ್ರೆಸಿಡೆಂಟು, ಪೊಲೀಸು, ಪರ್ಮಿಟ್ಟು, ಪಬ್ಲಿಕ್ಕು ಎಲ್ಲವೂ ಇಲಿಯ ಹೊಟ್ಟೆ ಸೇರಿದ್ದವು. ನಮ್ಮ ಕೆಲಸವೋ, ಮುಕ್ಕಾಲು ಪಾಲು ಆ ಶಬ್ದಗಳ ಮೇಲೆಯೇ ನಿಂತಿತ್ತು.

ನಾನು ೧೯೫೭ರಲ್ಲಿ ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಭಾಷಾಂತರ ಗುಮಾಸ್ತೆಯಾಗಿ ಸೇರಿದೆ. ದೆಹಲಿಯಲ್ಲಿ ರಾಷ್ಟ್ರಪತಿಗಳು ರುಜು ಮಾಡಿದ ಆಜ್ಞೆ ಬೆಂಗಳೂರಿಗೆ ಬಂದು, ಅಲ್ಲಿಂದ ನಮ್ಮ ಮೇಜಿಗೆ ಬಂದು, ಕನ್ನಡವಾಗಿ ಗುಬ್ಬಿ, ಕುಣಿಗಲ್ ಮುಂತಾದ ತಾಲ್ಲೂಕುಗಳಿಗೆ ಹೋಗಿ ನೋಟಿಸು ಹಲಗೆ ಏರುತ್ತಿತ್ತು. ಓದು ಬಾರದವರಿಗಾಗಿ ಸಂತೆಯಲ್ಲಿ ತಮಟೆ ಹೊಡೆಸಿ ಸಾರಿಸುತ್ತಿದ್ದೆವು. ಆಗ ನನಗೆ ದಿನಚರಿಯ ಹುಚ್ಚು. ಯಾವ ದಿನ ಯಾವ ಆಜ್ಞೆ ಬಂತು, ಅದರಲ್ಲಿ ಎಷ್ಟು ಶಬ್ದಕ್ಕೆ ಕನ್ನಡ ಸಿಗಲಿಲ್ಲ ಎಂದು ಪ್ರತಿ ಸಂಜೆ ಬರೆದಿಡುತ್ತಿದ್ದೆ. ಸಿಗದ ಶಬ್ದಗಳ ಸಂಖ್ಯೆ ಕಡಿಮೆಯಾದ ತಿಂಗಳು ನನಗೆ ಹಬ್ಬ.

ನನ್ನ ಮೇಲಿದ್ದವರು ಶಿರಸ್ತೇದಾರ್ ಲಕ್ಷ್ಮೀಪತಯ್ಯನವರು. ದಪ್ಪ ಕನ್ನಡಕ, ಮೆಲುದನಿ. ಭಾಷಾಂತರವನ್ನು ಪರೀಕ್ಷೆ ಮಾಡಲು ಅವರಿಗೆ ಅವರದೇ ಒಂದು ವಿಧಾನವಿತ್ತು. ಬರೆದದ್ದನ್ನು ಕೈಯಲ್ಲಿ ಹಿಡಿಸಿ, ಕಚೇರಿಯ ಮೆಟ್ಟಿಲು ಹತ್ತುತ್ತಾ ಗಟ್ಟಿಯಾಗಿ ಓದಿಸುತ್ತಿದ್ದರು. ಮೇಲಿನ ಮೆಟ್ಟಿಲು ಮುಟ್ಟುವ ಮೊದಲು ಉಸಿರು ಕಟ್ಟಿದರೆ ವಾಕ್ಯ ಉದ್ದವಾಯಿತು ಎಂದು ಅರ್ಥ.

"ತಮಟೆಯವನಿಗೆ ಇರೋದು ಒಂದೇ ಉಸಿರು ಕಣಯ್ಯ. ರಾಷ್ಟ್ರಪತಿಗಳಿಗೆ ಹತ್ತು ಪುಟ ಇರಬಹುದು. ಸಂತೇಲಿ ಹತ್ತು ಪುಟ ಕೇಳೋಕೆ ಯಾರು ಕಾದವ್ರೆ?"

ಸೇರಿದ ಹೊಸತರಲ್ಲಿ ನಾನು ಮಾಡಿದ ಎಡವಟ್ಟು ಇಂಗ್ಲಿಷಿನ ನಯದಿಂದ ಆದದ್ದು. ಇಂಗ್ಲಿಷ್ ಆಜ್ಞೆಗಳಲ್ಲಿ ರಾಷ್ಟ್ರಪತಿಗಳು ಏನು ಮಾಡಿದರೂ 'ಪ್ಲೀಸ್ಡ್' ಆಗಿಯೇ ಮಾಡುತ್ತಾರೆ. ನಾನು ಅದನ್ನು ನಿಷ್ಠೆಯಿಂದ ಕನ್ನಡಕ್ಕೆ ತಂದೆ. ಒಂದು ವಾರದಲ್ಲಿ ಗುಬ್ಬಿಯಿಂದ ಕೇಂದ್ರ ಸರ್ಕಾರದ ಒಬ್ಬ ನೌಕರ ಕಾಗದ ಹಿಡಿದು ಬಂದ. ಅವನಿಗೆ ರಾಯಚೂರಿಗೆ ವರ್ಗವಾಗಿತ್ತು.

"ಸ್ವಾಮಿ, ವರ್ಗ ಆಗ್ಲಿ, ಬೇಡ ಅನ್ನಲ್ಲ. ಆದ್ರೆ ಇಲ್ಲಿ ನೋಡಿ, 'ರಾಷ್ಟ್ರಪತಿಗಳು ಸಂತೋಷಪಟ್ಟು ತಮ್ಮನ್ನು ರಾಯಚೂರಿಗೆ ಕಳುಹಿಸಿರುತ್ತಾರೆ' ಅಂತ ಐತೆ. ನಾನು ಅವ್ರಿಗೆ ಏನು ಮಾಡಿದ್ದೆ? ನನ್ನನ್ನ ಅಲ್ಲಿ ಬಿಸಿಲಿಗೆ ಹಾಕೋಕೆ ಅಷ್ಟೊಂದು ಸಂತೋಷ್ವಾ?"

ಲಕ್ಷ್ಮೀಪತಯ್ಯನವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಸಂತೋಷ ಪಟ್ಟಿದ್ದು ಇವನು ಕಣಪ್ಪ, ರಾಷ್ಟ್ರಪತಿಗಳಲ್ಲ" ಎಂದು ನನ್ನ ಕಡೆ ಕೈ ತೋರಿಸಿದರು. ಅಂದಿನಿಂದ 'ಅಪ್ಪಣೆ ಕೊಡಿಸಿರುತ್ತಾರೆ' ಎಂದು ಬರೆಯುತ್ತಾ ಬಂದೆ.

ಇನ್ನೊಂದು ಶಬ್ದ ನಾವು ಮಾಡಿದ್ದಲ್ಲ, ಪತ್ರಿಕೆಗಳಿಂದ ಬಂದದ್ದು. ಸಂಸತ್ತು ಸೇರದ ಹೊತ್ತಿನಲ್ಲಿ ರಾಷ್ಟ್ರಪತಿಗಳು ಹೊರಡಿಸುವ ಕಾನೂನಿಗೆ ಸುಗ್ರೀವಾಜ್ಞೆ ಎನ್ನುತ್ತಾರಲ್ಲ, ಅದು. ಗುಬ್ಬಿಯಲ್ಲಿ ಒಂದು ಸುಗ್ರೀವಾಜ್ಞೆಯನ್ನು ಸಾರಿಸಿದಾಗ ಎಲೆ ಅಡಿಕೆ ಮಾರುತ್ತಿದ್ದ ಯಜಮಾನರೊಬ್ಬರು ನನ್ನನ್ನು ತಡೆದು, "ಸುಗ್ರೀವ ಆಜ್ಞೆ ಮಾಡಿದ್ದು ಯಾರಿಗಪ್ಪ?" ಎಂದರು.

"ಕಪಿಗಳಿಗೆ" ಎಂದೆ.

"ಹಂಗಾದ್ರೆ ನಮ್ಮನ್ನ ಏನಂತ ತಿಳ್ಕೊಂಡವ್ರೆ ದೆಹಲಿಯವ್ರು?"

ಸಂತೆಯೆಲ್ಲ ನಕ್ಕಿತು. ಆಜ್ಞೆಯಲ್ಲಿ ಏನಿತ್ತೆಂದು ಯಾರೂ ಕೇಳಲಿಲ್ಲ. ನಗಿಸುವ ಶಬ್ದ ಇದ್ದರೆ ವಿಷಯ ಅದರ ಹಿಂದೆ ಅಡಗಿಬಿಡುತ್ತದೆ. ಈಗಿನವರು ಇದನ್ನು ನೆನಪಿಡಬೇಕು.

೧೯೬೨ರ ಅಕ್ಟೋಬರ್ ಕೊನೆಗೆ ನಗು ನಿಂತಿತು. ಗಡಿಯಲ್ಲಿ ಚೀನಾದೊಡನೆ ಯುದ್ಧ. ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿ ಘೋಷಿಸಿದರು. ಸುಗ್ರೀವಾಜ್ಞೆಗಳು ಒಂದರ ಬೆನ್ನಿಗೆ ಒಂದು ಬಂದವು. ಎರಡು ದೇಶಗಳ ನಡುವಿನ ಜಗಳ ಎಂದರೆ ದೆಹಲಿ, ಪೀಕಿಂಗ್ ಎಂದುಕೊಂಡಿದ್ದೆ. ಅದು ತುಮಕೂರಿನ ಒಂದು ಅಂಗಡಿಯ ಬಾಗಿಲಿಗೂ ಬರುತ್ತದೆಂದು ಆಗ ಗೊತ್ತಾಯಿತು.

ಆ ಅಂಗಡಿ ಹಲ್ಲು ಕಟ್ಟುವ ಡಾಕ್ಟರದ್ದು. ಅವರ ಹೆಸರು ಚೆನ್. ಊರಿನವರ ಬಾಯಲ್ಲಿ ಚೆನ್ನಯ್ಯನವರು. ಹುಟ್ಟಿದ್ದು ಕಲ್ಕತ್ತದಲ್ಲಿ, ಹುಡುಗನಾಗಿದ್ದಾಗಲೇ ತಂದೆಯ ಜೊತೆ ತುಮಕೂರಿಗೆ ಬಂದವರು. ತಂದೆ ತಾಯಿ ಇಬ್ಬರೂ ಇಲ್ಲೇ ತೀರಿಕೊಂಡಿದ್ದರು. ಹೆಂಡತಿ ಸಾವಿತ್ರಮ್ಮ ಹೆಬ್ಬೂರಿನವರು, ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಯುದ್ಧ ಶುರುವಾದಾಗ ಚೆನ್ನಯ್ಯನವರು ಹಲ್ಲಿಗೆ ಕವಚ ಹಾಕಲು ಇಟ್ಟಿದ್ದ ಚಿನ್ನದ ತಗಡನ್ನೆಲ್ಲ ರಕ್ಷಣಾ ನಿಧಿಗೆ ಕೊಟ್ಟು, ಅದರ ರಸೀತಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದರು.

ನಮ್ಮ ಕಚೇರಿಗೆ ಬಂದ ಕಾಗದ ಎರಡು. ಒಂದು ಗೆಜೆಟ್ಟು, ಎಲ್ಲರೂ ಓದಬಹುದಾದದ್ದು. ವಿದೇಶೀಯರು ಠಾಣೆಯಲ್ಲಿ ಹೆಸರು ಬರೆಸಬೇಕು, ಅನುಮತಿ ಇಲ್ಲದೆ ಒಂದು ದಿನಕ್ಕಿಂತ ಹೆಚ್ಚು ಊರು ಬಿಟ್ಟಿರಬಾರದು ಎಂದು ಅದರಲ್ಲಿತ್ತು. ನಾಲ್ಕನೇ ಪುಟದಲ್ಲಿ, ಇಲ್ಲಿ ಹುಟ್ಟಿದ್ದರೂ ತಂದೆಯೋ ತಾತನೋ ಶತ್ರುದೇಶದವರಾಗಿದ್ದರೆ ಅಂಥವರೂ ಸೇರುತ್ತಾರೆ ಎಂದಿತ್ತು. ಎರಡನೆಯದು ಗೋಪ್ಯ ಎಂದು ಕೆಂಪು ಮುದ್ರೆ ಬಿದ್ದ ಕಾಗದ. ಠಾಣೆಗಳಿಗಾಗಿ ಅದನ್ನೂ ನಾನೇ ಕನ್ನಡ ಮಾಡಬೇಕಿತ್ತು. ಅದರಲ್ಲಿ ಚೆನ್ನಯ್ಯನವರ ಹೆಸರಿತ್ತು. ಅವರಿಗೆ ತಿಳಿಯದಂತೆ ಅವರ ಮೇಲೆ ಕಣ್ಣಿಡಬೇಕು, ನಿಯಮ ಮೀರಿದರೆ ಹಿಡಿದು ಉತ್ತರ ಭಾರತದ ಬಂಧನ ಶಿಬಿರಕ್ಕೆ ಸಾಗಿಸಬೇಕು.

"ಅವರಿಗೆ ನಿಯಮ ಇರೋದೇ ಗೊತ್ತಿಲ್ವಲ್ಲ ಸಾರ್" ಎಂದೆ. "ಪ್ರತಿ ವಾರ ಕುಣಿಗಲ್ ಸಂತೆಗೆ ಹೋಗಿ ಎರಡು ರಾತ್ರಿ ಇದ್ದು ಹಲ್ಲು ಕಟ್ಟಿ ಬರ್ತಾರೆ. ಈ ವಾರ ಹೋದ್ರೆ ಹಿಡಿದು ಹಾಕ್ತಾರೆ."

ಶಿರಸ್ತೇದಾರರು ಕೆಂಪು ಮುದ್ರೆಯ ಕಾಗದವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಇದರ ಬಗ್ಗೆ ನೀನು ಬಾಯಿ ಬಿಟ್ರೆ ನಿನ್ನ ಕೆಲಸವೂ ಹೋಗುತ್ತೆ, ನನ್ನದೂ ಹೋಗುತ್ತೆ. ಅದು ಆಯ್ತಾ? ಇನ್ನು ಗೆಜೆಟ್ಟು. ಗೆಜೆಟ್‌ನಲ್ಲಿ ಅಚ್ಚಾಗಿದ್ದನ್ನ ಸಾರಿಸಬೇಡಿ ಅಂತ ಯಾರೂ ಹೇಳಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್, ಮೂರು ಊರಲ್ಲೂ ಸಾರಿಸು. ಅವರ ಅಂಗಡಿ ಮುಂದೆ ಎರಡು ಸಲ ಸಾರಿಸು."

ಉಪಾಯ ಸರಿಯಾಗಿತ್ತು. ಅದನ್ನು ಕೆಡಿಸಿದ್ದು ನಮ್ಮ ಮೆಟ್ಟಿಲಿನ ಪರೀಕ್ಷೆ. ತಂದೆ ತಾತಂದಿರನ್ನೆಲ್ಲ ಸೇರಿಸಿ ಓದಿದರೆ ಅರ್ಧ ಮೆಟ್ಟಿಲಿಗೇ ಉಸಿರು ಹೋಗುತ್ತಿತ್ತು. ಕೊನೆಗೆ ಉಳಿದದ್ದು ಇಷ್ಟೇ: 'ವಿದೇಶೀಯರು ಠಾಣೆಗೆ ಬಂದು ಹೆಸರು ಬರೆಸತಕ್ಕದ್ದು, ಒಂದು ದಿನಕ್ಕಿಂತ ಹೆಚ್ಚು ಊರು ಬಿಟ್ಟಿರತಕ್ಕದ್ದಲ್ಲ.' ಪೂರ್ತಿ ಪಾಠವನ್ನು ನೋಟಿಸು ಹಲಗೆಗೆ ಅಂಟಿಸಿದೆವು. ಆ ಹಲಗೆಯ ಮುಂದೆ ಸೈಕಲ್ಲು ನಿಲ್ಲಿಸುತ್ತಿದ್ದರೇ ಹೊರತು ಯಾರೂ ಓದುತ್ತಿರಲಿಲ್ಲ.

ತುಮಕೂರಿನಲ್ಲಿ ಸಾರಿಸುವಾಗ ನಾನೇ ಹೋದೆ. ಚೆನ್ನಯ್ಯನವರ ಅಂಗಡಿ ಎದುರಿಗೆ ಕಾಫಿ ಹೋಟೆಲು. ಅದರ ಬೆಂಚಿನ ಮೇಲೆ ಮಫ್ತಿಯ ಪೇದೆ ಕೂತಿದ್ದ. ಪಂಚೆ ಉಟ್ಟಿದ್ದ, ಕಾಲಲ್ಲಿ ಇಲಾಖೆಯ ಬೂಟು ಹಾಗೇ ಇತ್ತು. ಹೋಟೆಲಿನವರು ಒಳಕ್ಕೆ ಕೂಗಿ, "ಗುಪ್ತಚಾರರಿಗೆ ಇನ್ನೊಂದು ಕಾಫಿ ಕೊಡೋ" ಎನ್ನುತ್ತಿದ್ದರು. ಅವನು ನಮ್ಮನ್ನೇ ನೋಡುತ್ತಿದ್ದ.

ತಮಟೆಯ ಸದ್ದಿಗೆ ಚೆನ್ನಯ್ಯನವರು ಬಾಗಿಲಿಗೆ ಬಂದರು. ಎರಡು ಸಲವೂ ಕೈ ಕಟ್ಟಿ ಕೇಳಿಸಿಕೊಂಡರು.

"ವಿದೇಶೀಯರು ನಮ್ಮೂರಲ್ಲಿ ಯಾರಿದಾರೆ ಸ್ವಾಮಿ? ಯಾರೋ ಪಾದ್ರಿಗಳು ಇರಬೇಕು ಪಾಪ" ಎಂದರು.

ನಾನು ಸುತ್ತು ಬಳಸಿ, "ನಿಮ್ಮ ತಂದೆಯವರು ಯಾವ ಕಡೆಯವರು ಡಾಕ್ಟ್ರೇ?" ಎಂದೆ.

"ತೀರಿಕೊಂಡು ಬಹಳ ವರ್ಷ ಆಯ್ತಲ್ಲ. ಅವರು ಈಗ ಎಲ್ಲಿ ಊರು ಬಿಡ್ತಾರೆ?"

"ಅಲ್ಲ, ಪೂರ್ತಿ ನೋಟಿಸು ಹಲಗೆ ಮೇಲಿದೆ, ಒಂದು ಸಲ ಓದಿ."

"ನನಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ನಿಮ್ಮ ಕೆಳಗಿನ ದವಡೆ ಯಾಕೋ ಊದಿದ ಹಾಗಿದೆ, ಬಾಯಿ ತೆಗೀರಿ ನೋಡೋಣ" ಎಂದರು. ಊದಿರಲಿಲ್ಲ, ಗಾಬರಿಗೆ ಹಲ್ಲು ಕಚ್ಚಿಕೊಂಡಿದ್ದೆ. ಎದುರಿನ ಬೂಟುಗಾಲು ಎದ್ದು ನಿಂತಿತು. ನಾನು ಮುಂದಿನ ಬೀದಿಗೆ ನಡೆದೆ.

ಮಾರನೆಯ ದಿನ ಕುಣಿಗಲ್ ಸಂತೆ. ಹೆಸರು ಬರೆಸುವ ಗಡುವೂ ಅದರ ಮರುದಿನವೇ ಮುಗಿಯುತ್ತಿತ್ತು. ಅಲ್ಲಿ ಸಾರಿಸಲು ಬೆಳಗಿನ ಬಸ್ಸು ಹತ್ತಿದರೆ, ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಚೆನ್ನಯ್ಯನವರು ಕೂತಿದ್ದರು.

"ಇವತ್ತೇ ವಾಪಸ್ ಬಂದುಬಿಡಿ ಡಾಕ್ಟ್ರೇ" ಎಂದೆ.

"ಹೆಂಗೆ ಬರ್ಲಿ? ಪುಟ್ಟಮ್ಮಜ್ಜಿಯ ಹಲ್ಲಿನ ಸೆಟ್ಟು ಇವತ್ತು ಕೂರಿಸಬೇಕು, ಎರಡು ದಿನ ಇದ್ದು ಉಜ್ಜಿ ಸರಿ ಮಾಡಬೇಕು. ಮುದುಕಿ ನಾಲ್ಕು ತಿಂಗಳಿಂದ ಗಂಜಿ ಕುಡ್ಕೊಂಡು ನನ್ನ ಬೈತಾ ಅವ್ಳೆ."

ಹೆಬ್ಬೂರು ದಾಟಿತು. ಸೀಟಿನಿಂದ ಹಿಂದೆ ತಿರುಗಿ ನೋಡಿದರೆ, ಕೊನೆಯ ಸೀಟಿನಲ್ಲಿ ಅದೇ ಬೂಟು.

ಕುಣಿಗಲ್ಲಿನಲ್ಲಿ ಸಾರುವವನು ಕೆಂಪಯ್ಯ. ದೊಡ್ಡ ಗಂಟಲು, ಸ್ವಂತ ಬುದ್ಧಿ. ನಾನು ವಾಕ್ಯವನ್ನು ಎರಡು ಸಲ ಹೇಳಿಕೊಟ್ಟೆ.

"ವಿದೇಶೀಯ್ರು ಅಂದ್ರೆ ಯಾರು ಬುದ್ಧಿ?"

"ಪರದೇಶದಿಂದ ಬಂದವರು ಕಣಪ್ಪ."

"ಓ, ಹಂಗನ್ನಿ. ಪರದೇಶಿಗಳು."

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಸಂತೆಯ ನಡುವೆ ನಿಂತು ತಮಟೆ ಬಾರಿಸಿಬಿಟ್ಟಿದ್ದ. "ಕೇಳ್ರಪ್ಪೋ ಕೇಳ್ರಿ, ರಾಷ್ಟ್ರಪತಿಗಳ ಅಪ್ಪಣೆ ಆಗೈತೆ. ಪರದೇಶಿಗಳು ಯಾರ್ಯಾರು ಇದೀರೋ ಎಲ್ಲಾ ಠಾಣೆಗೆ ಬಂದು ಹೆಸರು ಬರೆಸತಕ್ಕದ್ದು."

ನಮ್ಮ ಕಡೆ ಪರದೇಶಿ ಎಂದರೆ ಹಿಂದೆ ಮುಂದೆ ಯಾರೂ ಇಲ್ಲದವರು. ಕೆಂಪಯ್ಯ ಎರಡನೇ ಸುತ್ತು ಮುಗಿಸುವ ಮೊದಲೇ ಜನ ಠಾಣೆಯ ಕಡೆ ಹರಿಯತೊಡಗಿದರು. ರಾಷ್ಟ್ರಪತಿಗಳು ದಿಕ್ಕಿಲ್ಲದವರಿಗೆ ಜೋಳ ಕೊಡುತ್ತಾರೆ ಎಂದು ಒಬ್ಬರು, ಕಂಬಳಿ ಎಂದು ಇನ್ನೊಬ್ಬರು. ನಾನು ಓಡುತ್ತಾ ಠಾಣೆ ಮುಟ್ಟಿದಾಗ ಜಗಲಿ ತುಂಬಿತ್ತು. ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಸಿದ್ದಪ್ಪ ರಿಜಿಸ್ಟರು ಬಿಚ್ಚಿಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಏನಜ್ಜ, ನಿಂಗೆ ಮೂರು ಗಂಡು ಮಕ್ಳವ್ರೆ, ನೀನೆಂಗ್ಲಾ ಪರದೇಶಿ?"

"ಒಬ್ನೂ ಅನ್ನ ಇಕ್ಕಲ್ಲ, ಇನ್ನೇನಾಯ್ತು? ಬರ್ಕೊ ಬುಡು."

ಆ ಅಜ್ಜನ ಹಿಂದೆ ಪುಟ್ಟಮ್ಮಜ್ಜಿ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಚೆನ್ನಯ್ಯನವರ ತೋಳು. ಅಜ್ಜಿಯ ಬಾಯಲ್ಲಿ ಹಲ್ಲಿನ್ನೂ ಕೂತಿರಲಿಲ್ಲವಾದ್ದರಿಂದ ಅವಳ ಪರವಾಗಿ ಡಾಕ್ಟರೇ ಮಾತಾಡಲು ಬಂದಿದ್ದರು. ಅಜ್ಜಿಯ ಹೆಸರು ಬರೆದಾದ ಮೇಲೆ ಸಿದ್ದಪ್ಪ "ಸರಿ, ಮುಂದೆ ನಡೀರಿ" ಎಂದ. ಅಜ್ಜಿ ಕದಲಲಿಲ್ಲ.

"ಇವ್ನದೂ ಬರ್ಕೊ ಮಗ. ಇವ್ನೂ ಪರದೇಶಿನೇ. ಅಪ್ಪ ಇಲ್ಲ, ಅವ್ವ ಇಲ್ಲ, ಅಣ್ಣ ತಮ್ಮ ಅನ್ನೋರಿಲ್ಲ."

"ಬರ್ಕೊಳ್ಳಿ ರೈಟರೇ" ಎಂದು ಚೆನ್ನಯ್ಯನವರೂ ನಕ್ಕರು. "ನನ್ನ ಪಾಲಿನ ಕಂಬಳಿ ಅಜ್ಜಿಗೆ ಕೊಡಿ."

ಸಿದ್ದಪ್ಪ ಬೇಸರದಿಂದಲೇ ಕೇಳುತ್ತಾ ಹೋದ. ಹೆಸರು, ಕಸುಬು, ವಾಸದ ಊರು, ತಂದೆಯ ಹೆಸರು.

"ತಂದೆ ಹುಟ್ಟಿದ ಊರು?"

"ಕ್ಯಾಂಟನ್."

"ಯಾವ ತಾಲ್ಲೂಕು?"

ಯಾರೋ ನಕ್ಕರು. ಚೆನ್ನಯ್ಯನವರು ತಾವೂ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. "ಚೀನಾ ದೇಶ" ಎಂದರು. ಸಿದ್ದಪ್ಪನ ಪೆನ್ನು ನಿಂತಿತು. ಮೇಜಿನ ಡ್ರಾಯರಿನಲ್ಲಿ ನಾನು ಕನ್ನಡ ಮಾಡಿದ ಆ ಕೆಂಪು ಮುದ್ರೆಯ ಕಾಗದದ ಪ್ರತಿ ಇತ್ತೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಆ ಕಡೆ ನೋಡಲಿಲ್ಲ.

ನನ್ನ ಜೇಬಿನಲ್ಲಿ ಗೆಜೆಟ್ಟಿನ ಪೂರ್ತಿ ಕನ್ನಡ ಪಾಠ ಇತ್ತು. ನೋಂದಾಯಿಸಲು ಬಂದವರಿಗೆ ಅದನ್ನು ಓದಿ ಹೇಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಜಗಲಿಯ ಮೇಲೆ ನಿಂತು ಮೊದಲಿನಿಂದ ಓದಿದೆ. ಉಸಿರು ಸಾಲದೆಡೆ ನಿಲ್ಲಿಸಿ ನಿಲ್ಲಿಸಿ ಓದಿದೆ. ತಂದೆ, ತಾತ ಎಂಬಲ್ಲಿಗೆ ಬಂದಾಗ ಚೆನ್ನಯ್ಯನವರ ಕಡೆ ತಿರುಗಿ ಆ ಸಾಲನ್ನು ಇನ್ನೊಮ್ಮೆ ಓದಿದೆ.

"ಹಾಗಾದ್ರೆ ನಿನ್ನೆ ನನ್ನ ಅಂಗಡಿ ಮುಂದೆ ಎರಡು ಸಲ ಹೇಳಿಸಿದ್ದು ನನಗೇನಾ?" ಎಂದು ಚೆನ್ನಯ್ಯನವರು ಮೆಲ್ಲಗೆ ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ. ಅವರು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. "ನಾನು ಚಿನ್ನ ಕೊಟ್ಟ ರಸೀತಿ ಇದೆ" ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಸಿದ್ದಪ್ಪ ಒಳ್ಳೆಯವನು. ರಿಜಿಸ್ಟರಿನಲ್ಲಿ ಅವರ ಹೆಸರು ಪೂರ್ತಿ ಬರೆದು, ಎದುರಿಗೆ 'ಗಡುವಿನೊಳಗೆ ತಾವಾಗಿಯೇ ಹಾಜರಾಗಿದ್ದಾರೆ' ಎಂದು ಸೇರಿಸಿ, ನಕಲು ಕೊಟ್ಟ. "ಕೊನೇ ಬಸ್ಸಿಗೆ ಹೊರಟುಬಿಡಿ ಡಾಕ್ಟ್ರೇ. ರಾತ್ರಿ ಇಲ್ಲಿರ್ಬೇಡಿ. ಅಪ್ಪಣೆ ತಗೊಂಡು ಮುಂದಿನ ವಾರ ಬನ್ನಿ."

"ನನ್ ಹಲ್ಲು?" ಎಂದಳು ಪುಟ್ಟಮ್ಮಜ್ಜಿ.

ಬಸ್ಸಿಗೆ ಇನ್ನೂ ಸಮಯವಿತ್ತು. ಚೆನ್ನಯ್ಯನವರು ಅಲ್ಲೇ ಠಾಣೆಯ ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿದರು. ಹಲ್ಲಿನ ಸೆಟ್ಟು ಕೈಗೆತ್ತಿಕೊಂಡರು. ಕೂರಿಸಿದರು, ತೆಗೆದರು, ಅರ ಹಾಕಿ ಉಜ್ಜಿದರು, ಮತ್ತೆ ಕೂರಿಸಿದರು. ಕನ್ನಡಿ ಇರಲಿಲ್ಲ. ಮಫ್ತಿಯ ಪೇದೆ ತನ್ನ ಜೇಬಿನಿಂದ ಸಣ್ಣ ಕನ್ನಡಿ ತೆಗೆದು ಹಿಡಿದ. ಅಜ್ಜಿ ಅದರಲ್ಲಿ ನೋಡಿಕೊಂಡು, ಸಿದ್ದಪ್ಪನ ಕಡೆ ತಿರುಗಿ, "ಕಂಬಳಿ ಯಾವಾಗ ಕೊಡ್ತೀರಿ?" ಎಂದು ಸ್ಪಷ್ಟವಾಗಿ ಕೇಳಿದಳು. ಅಂದು ಬರೆಸಿದ ಯಾರಿಗೂ ಕಂಬಳಿ ಬರಲಿಲ್ಲ. ಎಷ್ಟೋ ದಿನ ಕೆಂಪಯ್ಯ ಸಂತೆಯಲ್ಲಿ ಬೈಸಿಕೊಂಡ.

ಆಮೇಲೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಶಿಬಿರಕ್ಕೆ ಕಳುಹಿಸಬೇಕೋ ಬೇಡವೋ ಎಂದು ಅವರು ಬರೆಯಬೇಕಿತ್ತು. ಕಚೇರಿಯ ಹೊರಗೆ ಸಾವಿತ್ರಮ್ಮನವರು ನರ್ಸಿನ ಬಿಳಿ ಸೀರೆಯಲ್ಲೇ ನಿಂತಿದ್ದರು. ನನ್ನನ್ನು ಕಂಡು, "ಅವರನ್ನ ಕಳಿಸೋದಾದ್ರೆ ನನ್ನ ಹೆಸರೂ ಬರ್ಕೊಳ್ಳಿ ಅಂತ ಹೇಳಪ್ಪ ಒಳಗೆ" ಎಂದರು.

ಅಧಿಕಾರಿಯ ಪ್ರಶ್ನೆ ಒಂದೇ. "ಹೆಸರು ಬರೆಸಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು? ಯಾರಾದ್ರೂ ಹೇಳಿದ್ರಾ?"

ಪಕ್ಕದಲ್ಲಿ ನಿಂತಿದ್ದ ನಾನು ಕೈಯಲ್ಲಿದ್ದ ಕಡತದತ್ತ ಕಣ್ಣು ಇಳಿಸಿದೆ. ಚೆನ್ನಯ್ಯನವರು, "ತಮಟೆ ಹೊಡೆದು ಸಾರಿದ್ರು ಸ್ವಾಮಿ. ಕೇಳಿಸ್ಕೊಂಡು ಹೋದೆ" ಎಂದರು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅಧಿಕಾರಿ ಸಿದ್ದಪ್ಪನ ನಕಲು ನೋಡಿದರು, 'ತಾವಾಗಿಯೇ ಹಾಜರು' ಎಂಬ ಮಾತಿನ ಕೆಳಗೆ ಗೆರೆ ಎಳೆದರು, ಇಲ್ಲೇ ಇರಲಿ ಎಂದು ಬರೆದರು. ಲಕ್ಷ್ಮೀಪತಯ್ಯನವರು ಅಂದಿನಿಂದ ಮೆಟ್ಟಿಲಿನ ಪರೀಕ್ಷೆ ಕೈಬಿಟ್ಟರು. ವಾಕ್ಯ ಉದ್ದವಾದರೆ ಎರಡು ಮಾಡಬೇಕು, ಅರ್ಧ ಬಿಸಾಡಬಾರದು ಎಂಬ ಹೊಸ ಪದ್ಧತಿ ಬಂತು. ನಾನು ಮುಂದೆ ಹೊಸಬರಿಗೆ ಕಲಿಸಿದ್ದೂ ಅದನ್ನೇ.

ಕುಣಿಗಲ್ಲಿಗೆ ಹೋಗಲು ಅಪ್ಪಣೆ ಬೇಕೆಂದು ಚೆನ್ನಯ್ಯನವರು ಪ್ರತಿ ವಾರ ನಮ್ಮ ಕಚೇರಿಗೆ ಬರುತ್ತಿದ್ದರು. ಪ್ರಯಾಣದ ಉದ್ದೇಶ ಎಂಬಲ್ಲಿ ನಾನು 'ಹಲ್ಲು' ಎಂದು ಬರೆಯುತ್ತಿದ್ದೆ. ವರ್ಷಗಳು ಹೀಗೇ ಹೋದವು. ಅರವತ್ತರ ದಶಕ ಮುಗಿಯುವ ಮೊದಲು ಅವರ ಮೇಲಿನ ನಿರ್ಬಂಧ ತೆಗೆದ ಕಾಗದ ಬಂತು. ಅದರ ಮೇಲೂ ಗೋಪ್ಯ ಎಂಬ ಮುದ್ರೆ.

ಲಕ್ಷ್ಮೀಪತಯ್ಯನವರಿಗೆ ನಿವೃತ್ತಿ ಹತ್ತಿರವಿತ್ತು. ಕಾಗದ ಓದಿ, "ಕಟ್ಟಿ ಹಾಕಿದ್ದನ್ನ ಮೂರು ಊರಿಗೆ ಸಾರಿದೀವಿ. ಬಿಟ್ಟಿದ್ದನ್ನ ಬೀರೂಲಿ ಇಡೋದಾ?" ಎಂದರು. ಇದನ್ನೂ ಸಾರಿಸಬಹುದೇ ಎಂದು ಮೇಲಿನವರಿಗೆ ಟಿಪ್ಪಣಿ ಬರೆದರು. ಒಂದೇ ಶಬ್ದದ ಉತ್ತರ ಬಂತು: ಆಗಬಹುದು.

ಆ ವಾರ ಕುಣಿಗಲ್ ಸಂತೆಗೆ ನಾನೂ ಹೋದೆ. ಛತ್ರದ ಜಗಲಿಯ ಮೇಲೆ ಚೆನ್ನಯ್ಯನವರು ಒಬ್ಬ ರೈತನ ದವಡೆ ಹಲ್ಲಿಗೆ ಇಕ್ಕಳ ಹಾಕಿದ್ದರು. ಕೆಂಪಯ್ಯ ಅವರ ಎದುರಿಗೇ ಬಂದು ನಿಂತು ತಮಟೆ ಬಾರಿಸಿದ. ಈ ಸಲ ನಾನು ಅವನಿಗೆ ಶಬ್ದ ಹೇಳಿಕೊಟ್ಟಿರಲಿಲ್ಲ, ವಿಷಯ ಮಾತ್ರ ಹೇಳಿದ್ದೆ.

"ಕೇಳ್ರಪ್ಪೋ ಕೇಳ್ರಿ, ಅಪ್ಪಣೆ ಆಗೈತೆ. ಹಲ್ಲಿನ ಚೆನ್ನಯ್ಯನವ್ರು ಇನ್ಮೇಲೆ ಯಾವ ಊರಿಗೆ ಬೇಕಾದ್ರೂ ಹೋಗ್ಬೋದು, ಎಷ್ಟು ದಿನ ಬೇಕಾದ್ರೂ ಇರ್ಬೋದು. ಯಾರೂ ಕೇಳೋ ಹಂಗಿಲ್ಲ."

ಚೆನ್ನಯ್ಯನವರು ಇಕ್ಕಳ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೊನೆಯವರೆಗೂ ಕೇಳಿದರು. ರೈತ ಬಾಯಿ ತೆರೆದುಕೊಂಡೇ ಅವರ ಮುಖ ನೋಡುತ್ತಿದ್ದ.

"ಇನ್ನೊಂದು ಸಲ ಹೇಳ್ಸಿ ಸ್ವಾಮಿ" ಎಂದರು ನನಗೆ.